ಬಾಣಂತಿಗೆ ಒಂದು ಮುಂಜಾನೆ

ಮಳಖೇಡ
ಸೋಮವಾರ, ೧೪ ಜುಲೈ ೨೦೨೫

ಚಿ. ಸೌ. ಪ್ರೀತಿಗೆ,

ನಿನ್ನ ಅತ್ತೆ ಉಮಾದೇವಿ ಮನಸಾರೆ ಮಾಡುವ ಆಶೀರ್ವಾದಗಳು. ಪ್ರೀತಿ ಎಂದು ಬರೆದಿದ್ದಕ್ಕೆ ಬೆಚ್ಚಿಬೀಳಬೇಡ. ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿದಾಗಿನಿಂದ ಈ ಮನೆಯಲ್ಲಿ ನೀನು ಶಿವಕಾಂತಮ್ಮ. ಇವತ್ತು ಬೇಕೆಂದೇ ತವರಿನ ಹೆಸರು ಹಿಡಿದು ಕರೆದಿದ್ದೇನೆ. ಯಾಕೆ ಅನ್ನುವುದು ಮುಂದೆ ಬರುತ್ತದೆ. ಮೊದಲು ಕೂಸಿನ ಸುದ್ದಿ ಹೇಳು. ಹೊಟ್ಟೆನೋವು ಕಡಿಮೆಯಾಯಿತೇ? ನಗಲಿಕ್ಕೆ ಹತ್ತಿದೆ ಎಂದು ನಿನ್ನ ಗಂಡ ಹೇಳಿದ. ಮಗಳ ಫೋಟೋವನ್ನು ಸಿಮೆಂಟ್ ಫ್ಯಾಕ್ಟರಿಯ ಗೇಟಿನಲ್ಲಿ ನಿಂತವರಿಗೆಲ್ಲ ತೋರಿಸುತ್ತಾನಂತೆ ನಮ್ಮ ಸಂತೋಷಕುಮಾರ, ಹುಚ್ಚಪ್ಪ.

ಫೋನ್ ಮಾಡದೆ ಕಾಗದ ಯಾಕೆ ಎಂದು ಕೇಳುತ್ತೀ. ಫೋನ್ ಮಾಡಿ ಮಾಡಿ ಸಾಕಾಯಿತು ತಾಯಿ. ಪ್ರತಿ ಸಲ ನಿಮ್ಮವ್ವನೇ ಎತ್ತುತ್ತಾರೆ. "ಬಾಣಂತಿ ಫೋನ್ ನೋಡಬಾರದ್ರಿ ಬೀಗತಿ, ಕಣ್ಣು ಹೋಗ್ತಾವ" ಎನ್ನುತ್ತಾರೆ. ಓದಿನ ಮಾತು ತೆಗೆದರೆ "ಐದು ತಿಂಗಳು ಮುಗೀಲಿ, ಆಮ್ಯಾಲೆ ನೋಡೋಣ್ರಿ" ಎಂದು ಇಟ್ಟೇಬಿಡುತ್ತಾರೆ. ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದಾರೆ ಎಂದೂ ಕೇಳಿದೆ. ಈ ಕಾಗದವನ್ನು ನೀನಂತೂ ಓದುವ ಹಾಗಿಲ್ಲ, ನಿನ್ನ ತಂಗಿ ಅಂಬಿಕಾ ಓದಿ ಹೇಳಲಿ. ಅಂಬಿಕಾ, ಗಡಿಬಿಡಿಯಲ್ಲಿ ಅರ್ಧ ಅಕ್ಷರ ನುಂಗಬೇಡ. ನಿಮ್ಮವ್ವ ಪಕ್ಕದಲ್ಲಿದ್ದರೆ ಇಲ್ಲಿಗೆ ನಿಲ್ಲಿಸಿ, ಅವರು ನೀರು ಕಾಯಿಸಲು ಹೋದಾಗ ಮುಂದಿನದು ಓದು.

ಈಗ ಕೇಳು. ನೀನು ಯುನಿವರ್ಸಿಟಿಗೆ ಹೋಗಬಹುದು! ಕಾಲೇಜಿನವರು ಹಾಜರಿ ಸಾಲದೆಂದು ಹಾಲ್ ಟಿಕೆಟ್ ಕೊಡದ ದಿನ ನೀನು ಗೋಡೆಯ ಕಡೆಗೆ ಮುಖ ಮಾಡಿ ಮಲಗಿ, "ಅತ್ತಿ, ನಂದು ಮುಗೀತ್ರಿ" ಎಂದಿದ್ದೆಯಲ್ಲ, ಮುಗಿದಿಲ್ಲ. ನನಗೆ ಅವತ್ತಿನಿಂದ ಒಳಗೊಳಗೇ ಉರಿಯುತ್ತಿತ್ತು. ವಾಂತಿ ಮಾಡಿಕೊಳ್ಳುತ್ತ ಸೇಡಂ ಬಸ್ಸಿನಲ್ಲಿ ನಿಂತು ಹೋಗಿಬಂದ ಹುಡುಗಿಗೆ ಹಾಜರಿಯ ಲೆಕ್ಕ ಹೇಳುತ್ತಾರೆ! ಆ ಗುಮಾಸ್ತನಿಗೆ ಒಂದು ದಿನ ಹೊಟ್ಟೆ ತೊಳಸಿ ಬರಬೇಕು, ಆಗ ಗೊತ್ತಾಗುತ್ತದೆ.

ಹೋದ ವಾರ ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕುಳಿತಿದ್ದೆ. ಬುರ್ಖಾ ಹಾಕಿದ್ದ ಹುಡುಗಿಯೊಬ್ಬಳು ಬಂದು "ನೀವು ಪ್ರೀತಿ ಅತ್ತಿ ಅಲ್ಲೇನ್ರಿ?" ಎಂದಳು. ನೋಡಿದರೆ ನಿನ್ನ ಹುಮೇರಾ, ಪಿಯುಸಿಯಲ್ಲಿ ನಿನ್ನ ಬೆಂಚಿನಲ್ಲೇ ಕೂರುತ್ತಿದ್ದ ಶಹಾಬಾದಿನ ಹುಡುಗಿ. ತಾಯಿ ತಾಜುನ್ನಿಸಾ ಕಾಯಿಲೆ ಬಿದ್ದಾಗ ಮೊದಲ ವರ್ಷದಲ್ಲೇ ಕಾಲೇಜು ಬಿಟ್ಟಳಲ್ಲ, ಅವಳೇ. ಈಗ ಅವಳು ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದಾಳೆ! ಪಿಯುಸಿ ಇಲ್ಲದೆ ಹೇಗೆ ಎಂದು ಕೇಳಿದೆ. "ಮನಿಯಾಗೇ ಓದಿ ಮುಕ್ತ ಶಾಲೆಯಿಂದ ಹನ್ನೆರಡನೇದು ಮಾಡಿದೆ ಆಂಟಿ. ಐದು ವಿಷಯ ಅಷ್ಟೇ. ಯಾವ್ಯಾವು ಬೇಕಂತ ನಾವೇ ಆರಿಸೋದು. ಎಲ್ಲಾ ಒಂದೇ ಸಲ ಬರೀಬೇಕಂತಿಲ್ಲ. ಎರಡು ಈಗ ಬರದ್ರ ಮೂರು ಆಮ್ಯಾಲೆ ಬರೀಬಹುದು. ವರ್ಷಕ್ಕ ಎರಡು ಸಲ ಪರೀಕ್ಷಾ ಇರ್ತದ" ಎಂದಳು. ನನ್ನ ರೈಲು ಬಂತು, ನಾನು ಹತ್ತಲಿಲ್ಲ. ಮುಂದಿನ ರೈಲಿನ ತನಕ ಅವಳ ತಲೆ ತಿಂದೆ.

ಮರುದಿನವೇ ಶಹಾಬಾದಿನಲ್ಲಿರುವ ಆ ಮುಕ್ತ ಶಾಲೆಯ ಅಭ್ಯಾಸ ಕೇಂದ್ರಕ್ಕೆ ಹೋದೆ. ಅಲ್ಲಿ ಉದಯಕುಮಾರ ಎಂಬ ಹುಡುಗ ಪ್ರವೇಶದ ಕೆಲಸ ನೋಡುತ್ತಾನೆ. ಬಹಳ ಮರ್ಯಾದಸ್ಥ. "ಅಡ್ಮಿಷನ್ ಯಾರಿಗ್ರಿ ಅವ್ವಾರ, ನಿಮಗೇನ್ರಿ?" ಎಂದು ನಗದೆ ಕೇಳಿದ. ಸೊಸೆಗೆ ಎಂದೆ. ಕಂಪ್ಯೂಟರಿನಲ್ಲಿ ತುಂಬಲು ಕುಳಿತು ನಿನ್ನ ಹೆಸರು ಕೇಳಿದ. ನಾನು ಹಿಂದೆಮುಂದೆ ನೋಡದೆ ಶಿವಕಾಂತಮ್ಮ ಎಂದುಬಿಟ್ಟೆ. ಬಾಯಿಗೆ ಬರುವುದೇ ಅದು. ನಿನ್ನ ಆಧಾರ್ ಕಾರ್ಡಿನ ಪ್ರತಿಯನ್ನೂ ಕೊಟ್ಟೆ, ಅದರಲ್ಲೂ ಶಿವಕಾಂತಮ್ಮನೇ. ಮದುವೆಯಾದ ತಿಂಗಳಲ್ಲೇ ನಿಮ್ಮ ಮಾವ ಹುರುಪಿನಿಂದ ನಿನ್ನನ್ನು ಸೇಡಂಗೆ ಕರೆದುಕೊಂಡು ಹೋಗಿ ಬದಲಿಸಿದ್ದರಲ್ಲ. ಎಲ್ಲ ತುಂಬಿದ ಮೇಲೆ ಅವನು ಹತ್ತನೆಯ ತರಗತಿಯ ಅಂಕಪಟ್ಟಿಯ ಫೋಟೋ ಕೇಳಿದ. ಸಂತೋಷನ ಫೋನಿನಲ್ಲಿತ್ತು, ತರಿಸಿಕೊಂಡು ತೋರಿಸಿದೆ. ಅದರಲ್ಲಿ ಪ್ರೀತಿ. ಹುಡುಗ ಕೈ ಎತ್ತಿಬಿಟ್ಟ. "ಇವರಿಬ್ಬರೂ ಒಬ್ಬರೇ ಅಂತ ನನಗ ಗೊತ್ತಾಗ್ತದ್ರಿ, ಕಂಪ್ಯೂಟರಿಗಿ ಗೊತ್ತಾಗಲ್ಲ. ಎರಡರಾಗೂ ಒಂದೇ ಹೆಸರು ಇರಬೇಕ್ರಿ" ಎಂದ. ಅಂಕಪಟ್ಟಿ ತಿದ್ದಿಸುವುದೆಂದರೆ ವರ್ಷಗಟ್ಟಲೆ ಅಲೆಯಬೇಕಂತೆ. ಆಧಾರ್ ಬದಲಿಸುವುದು ಸುಲಭ, ಅರ್ಜಿಯ ರಸೀದಿ ತಂದರೂ ಈಗಿನ ಮಟ್ಟಿಗೆ ನಡೆಯುತ್ತದಂತೆ. ಕೊನೆಯ ದಿನಾಂಕ ಈ ತಿಂಗಳ ಕೊನೆ. ತಪ್ಪಿದರೆ ನಿನಗೆ ಮತ್ತೊಂದು ವರ್ಷ ಹೋಗುತ್ತದೆ.

ಬರುವಾಗ ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ, ನಿಮ್ಮ ಮಾವನಿಗೆ ಹೇಗೆ ಹೇಳುವುದು? ಶಿವಕಾಂತಮ್ಮ ಎಂಬುದು ಅವರ ತಾಯಿಯ ಹೆಸರು. ನೀನು ಬಂದಾಗಿನಿಂದ ಅವರು ನಿನ್ನನ್ನು ಅವ್ವ ಎಂದೇ ಕರೆಯುತ್ತಾರೆ, ಒಂದು ದಿನ ಗದರಿದವರಲ್ಲ. ಚಹಾ ತಡವಾದರೆ ಬೈಸಿಕೊಳ್ಳುವವಳು ನಾನು! ಅಂಥವರಿಗೆ ನಿಮ್ಮವ್ವನ ಹೆಸರು ಕಾರ್ಡಿನಿಂದ ಅಳಿಸೋಣ ಎಂದು ಹೇಗೆ ಹೇಳಲಿ? ಆದರೂ ಊಟಕ್ಕೆ ಕುಳಿತಾಗ ಹೇಳಿದೆ. ಅವರು ಮೊದಲು ಹೆಸರಿನ ಮಾತೇ ಎತ್ತಲಿಲ್ಲ. "ಕಾಲೇಜಿಗಿ ಹೋಗಲಾರದೇ ಬಂದ ಸರ್ಟಿಫಿಕೇಟು ಯಾವ ಯುನಿವರ್ಸಿಟಿಯಾಗ ನಡೀತದ? ನಿನಗ ಯಾರೋ ಟೋಪಿ ಹಾಕ್ಯಾರ" ಎಂದರು. ಜಗಳವಾಯಿತು. ಸಣ್ಣದಲ್ಲ, ಪಕ್ಕದ ಮನೆಯ ರಶೀದಾಬೇಗಂ ಸಕ್ಕರೆ ಕೇಳುವ ನೆಪದಲ್ಲಿ ಬಂದು ನೋಡಿ ಹೋದಳು.

ಮರುದಿನ ನಾನು ಏಳುವುದರೊಳಗೆ ನಿಮ್ಮ ಮಾವ ಗುರುಲಿಂಗಯ್ಯನವರು ಬಿಳಿ ಅಂಗಿ ಹಾಕಿಕೊಂಡು ಮಾಯ. ಎಲ್ಲಿಗೆ ಅಂತ ಹೇಳಲಿಲ್ಲ. ಸಂಜೆ ಬಂದರು. ಕಲಬುರಗಿಗೆ ಹೋಗಿ, ಯುನಿವರ್ಸಿಟಿಯ ಪ್ರವೇಶ ವಿಭಾಗದಲ್ಲಿ ಕುಳಿತವರನ್ನೇ ಕೇಳಿ ಬಂದಿದ್ದಾರೆ! "ನಡೀತದಂತ. ಪಿಯುಸಿಗಿ ಸಮ ಅಂತ. ಯಾವ ಡಿಗ್ರಿ ಬೇಕೋ ಅದಕ್ಕ ಬೇಕಾದ ವಿಷಯ ಈಗೇ ನೋಡಿ ಆರಿಸ್ಕೊಬೇಕು, ಆಮ್ಯಾಲೆ ಅಳಬಾರದು ಅಂದ್ರು" ಎಂದು ಈ ದಾರಿಯನ್ನು ತಾವೇ ಹುಡುಕಿದವರ ಹಾಗೆ ನನಗೆ ಪಾಠ ಮಾಡಿದರು. ನಾನು ಬಾಯಿಮುಚ್ಚಿಕೊಂಡು ಕೇಳಿದೆ, ಅಂಥ ದಿನ ನನ್ನ ಬಾಳಿನಲ್ಲಿ ಅಪರೂಪ. ಆಮೇಲೆ ಅವರು ತಮ್ಮ ತಾಯಿಯ ಫೋಟೋ ಮುಂದೆ ನಿಂತು, ನನ್ನ ಕಡೆ ತಿರುಗದೆ, "ಮನಿಯಾಗ ಅಕಿ ನಮ್ಮವ್ವನೇ. ಕಾಗದದಾಗ ಪ್ರೀತಿ ಇರಲಿ. ನಮ್ಮವ್ವಗ ಸಾಲಿಗಿ ಕಳಿಸೋರು ಯಾರೂ ಇದ್ದಿಲ್ಲ" ಎಂದರು. ನನಗೆ ಅಳು ಬಂತು. ಬೇರೆ ಏನೂ ತೋಚದೆ ರಾತ್ರಿಗೆ ಹೋಳಿಗೆ ಮಾಡಿದೆ.

ಈಗ ಆರಿಸುವ ಸಂಭ್ರಮ! ಬಳೆಗಾರನ ಮುಂದೆ ಕುಳಿತ ಹಾಗಾಗಿದೆ ನನಗೆ, ಕೈ ಮಾತ್ರ ನಿನ್ನದು. ಭೂಗೋಳ ಇದೆ. ಅದನ್ನು ಬಿಟ್ಟರೆ ನೀನು ನನ್ನ ಸೊಸೆಯೇ ಅಲ್ಲ. ಕಾಗಿಣಾ ಹೊಳೆಯ ದಂಡೆಯಲ್ಲಿ ಬಟ್ಟೆ ಹಿಂಡುತ್ತ, ನಮ್ಮ ಮನೆಗೆ ಹಾಸಿದ ಫರಸಿ ಕಲ್ಲು ಒಂದು ಕಾಲಕ್ಕೆ ನೀರಿನ ತಳದ ಕೆಸರಾಗಿತ್ತು ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ. ನೀನು ಸಿಟ್ಟಾಗಿ, ಕಲ್ಲಿನ ಪದರ ತೋರಿಸಿ ತೋರಿಸಿ ಒಪ್ಪಿಸಿದೆ. ಆವತ್ತಿನ ನಿನ್ನ ಮುಖ ನನಗೆ ಮತ್ತೆ ನೋಡಬೇಕಾಗಿದೆ. ಇತಿಹಾಸ ಇದೆ, ಇಂಗ್ಲಿಷ್ ಇದೆ, ಕಂಪ್ಯೂಟರಿನದೂ ಒಂದು ಇದೆ. ಗೃಹವಿಜ್ಞಾನ ಎಂದೂ ಒಂದು ಇದೆಯಂತೆ. ಮನೆಗೆಲಸಕ್ಕೂ ಮಾರ್ಕ್ಸ್ ಎಂದರೆ ನಾನು ಇಷ್ಟು ವರ್ಷದ ಮಾರ್ಕ್ಸ್ ಯಾರ ಹತ್ತಿರ ಕೇಳಲಿ?

ಒಂದು ತೊಡಕನ್ನು ಮುಚ್ಚಿಡುವುದಿಲ್ಲ. ಪುಸ್ತಕಗಳು ಇಂಗ್ಲಿಷಿನಲ್ಲಿ ಬರುತ್ತವೆ. ನೀನು ಕನ್ನಡದಲ್ಲಿ ಓದಿದವಳು, ಹೆದರಿಕೆಯಾಗುತ್ತದೆ, ನನಗೂ ಆಯಿತು. ಅದಕ್ಕೆ ಹುಮೇರಾ, "ನಾನೂ ಮೊದಲು ಅತ್ತೀನಿ ಆಂಟಿ. ಭಾನುವಾರ ಭಾನುವಾರ ನಾ ಹೇಳಿಕೊಡ್ತೀನಿ, ಫಿಕರ್ ಮಾಡಬ್ಯಾಡ್ರಿ" ಎಂದಿದ್ದಾಳೆ. ಮತ್ತೆ ಕಾಲೇಜಿಗೆ ಸೇರಿದರೆ ದಿನವೂ ಕೂಸನ್ನು ಬಿಟ್ಟು ಬಸ್ಸು ಹತ್ತಬೇಕು, ಮತ್ತೆ ಹಾಜರಿ, ಮತ್ತೆ ಅದೇ ಗುಮಾಸ್ತನ ಮುಖ. ಇಲ್ಲಿ ಮನೆಯಲ್ಲೇ ಓದು, ಆಗೊಂದು ಈಗೊಂದು ತರಗತಿಗೆ ಹೋದರಾಯಿತು. ಏಪ್ರಿಲಿನಲ್ಲಿ ಎರಡು ವಿಷಯ ಬರೆ, ಉಳಿದದ್ದು ಕೂಸು ತೆವಳಿ, ನಡೆದು, ನಿನ್ನ ಪುಸ್ತಕ ಹರಿಯುವಷ್ಟು ದೊಡ್ಡದಾದ ಮೇಲೆ ಬರೆಯುವಿಯಂತೆ. ನೀನು ಪರೀಕ್ಷೆ ಬರೆಯುವಾಗ ಹೊರಗೆ ಕೂಸನ್ನು ಎತ್ತಿಕೊಂಡು ಕೂರುವ ಕೆಲಸ ನನ್ನದು, ಅದಕ್ಕೆ ಬೇರೆ ಯಾರೂ ಅರ್ಜಿ ಹಾಕುವ ಹಾಗಿಲ್ಲ.

ಉಳಿದಿರುವುದು ಒಂದೇ ಗಂಟು. ಆಧಾರ್ ಬದಲಿಸಲು ನೀನೇ ಬರಬೇಕು, ಬೆರಳಚ್ಚು ನಿನ್ನದೇ ಬೇಕು. ನಿನಗೆ ಐದು ತಿಂಗಳು ತುಂಬುವುದರೊಳಗೆ ಈ ತಿಂಗಳು ಮುಗಿದಿರುತ್ತದೆ. ಮುಂದಿನ ವಾರ ಗುರುವಾರ ಮುಂಜಾನೆಗೆ ನಮ್ಮೂರಿನ ಹಾಜಿಮಲಂಗ್ ಅವರ ಬಾಡಿಗೆ ಕಾರು ಮಾತಾಡಿದ್ದೇನೆ. ನಾನು ಚಿಂಚೋಳಿಗೆ, ನಿಮ್ಮ ಮನೆಗೇ ಬರುತ್ತೇನೆ. ಕಿವಿಗೆ ಹತ್ತಿ ಇಡು, ತಲೆಗೆ ಸ್ಕಾರ್ಫ್ ಕಟ್ಟು, ಕಾಲಿಗೆ ಸಾಕ್ಸ್ ಹಾಕು, ಕಾರಿನ ಗಾಜು ಏರಿಸಿಯೇ ಇರುತ್ತೇವೆ. ಒಂದಿಷ್ಟು ಗಾಳಿಯೂ ನಿನಗೆ ತಾಗದ ಹಾಗೆ ಅಲ್ಲಿನ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಕೂಸಿಗೆ ಹಾಲು ಕುಡಿಸುವ ಹೊತ್ತಿಗೆ ತಂದು ಬಿಡುತ್ತೇನೆ. ಅಂಕಪಟ್ಟಿಯ ಅಸಲು ಪ್ರತಿ ಹುಡುಕಿಡು. ನಿನಗೆ ಮನಸ್ಸಿದೆ ಎಂದು ಒಂದು ಮಾತು ನಿನ್ನ ಬಾಯಿಂದಲೇ ಕೇಳಬೇಕು, ಬರೀ ಅತ್ತೆಯ ಹಟಕ್ಕೆ ಓದುವುದು ಬೇಡ. ಬೇಡ ಎಂದರೆ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಬರೆಯಲು ಹೊರಟಿದ್ದೆ, ಸುಳ್ಳು ಯಾಕೆ, ಬಹಳ ಬೇಸರ ಮಾಡಿಕೊಳ್ಳುತ್ತೇನೆ.

ಕೂಸಿಗೆ ಅಜ್ಜಿಯ ಮುತ್ತುಗಳು. ಅಂಬಿಕಾಗೆ ಓದಿ ಹೇಳಿದ್ದಕ್ಕೆ ಗುರುವಾರ ಪೇಢೆ ತರುತ್ತೇನೆ.

ನಿನ್ನ ಒಳಿತನ್ನೇ ಬಯಸುವ,
ಅತ್ತೆ ಉಮಾದೇವಿ

ತಾ.ಕ.: ಇದು ಬೀಗತಿ ಮಹಾನಂದಾ ಅವರಿಗೆ. ನಮಸ್ಕಾರ. ಈ ಕಾಗದವನ್ನು ಎಲ್ಲರಿಗಿಂತ ಮೊದಲು ನೀವೇ ಒಡೆದು ಓದುತ್ತೀರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ, ಫೋನಿನಲ್ಲಿ ನೀವು ನನಗೆ ಇಷ್ಟು ಮಾತಾಡಲು ಬಿಡುವುದಿಲ್ಲ. ನಾವು ಹೆಣ್ಣು ನೋಡಲು ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನೀವು ನನ್ನ ಕೈ ಹಿಡಿದು, ಗಂಡಸರಿಗೆ ಕೇಳದ ಹಾಗೆ, "ನಮ್ಮ ಹುಡುಗಿಗಿ ಮುಂದ ಓದಸ್ತೀರೇನ್ರಿ?" ಎಂದು ಕೇಳಿದಿರಿ. ಬಂಗಾರದ ಮಾತು ಎತ್ತಲಿಲ್ಲ, ಹೊಲದ ಮಾತು ಎತ್ತಲಿಲ್ಲ, ಕೇಳಿದ್ದು ಅದೊಂದೇ. ನಾನು ಹೂಂ ಎಂದಿದ್ದೆ. ಪ್ರೀತಿಗೆ ಇದು ಇವತ್ತಿಗೂ ಗೊತ್ತಿಲ್ಲ, ತನ್ನ ಓದಿಗೆ ಅಡ್ಡ ನಿಂತವಳು ಅವ್ವ ಎಂದೇ ತಿಳಿದಿದ್ದಾಳೆ. ಕಾಗದವನ್ನು ಅವಳಿಗೆ ಕೊಡುವಾಗ ದಯವಿಟ್ಟು ಈ ಕೊನೆಯ ತುಂಡನ್ನು ಹರಿದಿಟ್ಟುಕೊಳ್ಳಬೇಡಿ.