ಗೋಡೆಯ ಕೆಂಪು ನಂಬರು

ಜನವರಿ 8

ಕಂಬಗಳು ಇವತ್ತೂ ನೆಲ ಮುಟ್ಟಲಿಲ್ಲ. ಮುಂದಿನಿಂದ ನೋಡಿದರೆ ಸರಿ. ಕಂಪ್ಯೂಟರಿನಲ್ಲಿ ಮಾಡೆಲ್ ತಿರುಗಿಸಿದರೆ ಗೇಣುದ್ದ ಮೇಲೆ. ಜೊತೆಗೆ ಕಲಿಯುವ ಸಾಜಿಯಾ ನಕ್ಕಳು.

"ಸರ್, ನಿಮ್ಮ ಕಂಬ ತೇಲಾಕತ್ತಾವ್ರಿ."

"ನೀರು ತುಂಬ್ಯದಲ್ಲವಾ, ತೇಲದ ಏನ್ ಮಾಡ್ಯಾವು?" ಅಂದೆ.

ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಇತಿಹಾಸ ಕಲಿಸಿ ನಿವೃತ್ತನಾದವನು, ಅರವತ್ತೈದಕ್ಕೆ ನವನಗರದ ಕಂಪ್ಯೂಟರ್ ಸೆಂಟರಿನಲ್ಲಿ ತ್ರೀಡಿ ವಿದ್ಯಾರ್ಥಿ. ಉಳಿದವರ ಪ್ರಾಜೆಕ್ಟ್ ಕಾರು, ರೋಬೋಟ್. ನಮ್ಮಿಬ್ಬರದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಬಾಗಲಕೋಟೆಯ ನಮ್ಮ ಓಣಿ. ಮೊದಲು ಸಾಜಿಯಾಳ ದಾದಿ, ಅಂದರೆ ಅಜ್ಜಿ, ಹುಸೇನಬಿಯ ಮನೆ, ನಮ್ಮ ಪಕ್ಕದ್ದು. ಆಕೆಯ ಒಂದು ಕಣ್ಣು ಹೋಗಿದೆ. ಇನ್ನೊಂದು ಬೇಸಿಗೆ ದಾಟುವುದಿಲ್ಲವಂತೆ. ಅಷ್ಟರೊಳಗೆ ಮನೆ ತೋರಿಸಬೇಕು.

ಜನವರಿ 19

ಟೆಕ್ಸ್ಚರ್ ಪಾಠ. ಬೂದು ಡಬ್ಬಿಗೆ ಫೋಟೋದ ಗೋಡೆ ಅಂಟಿಸುವುದು.

"ಮೊದಲ ಮನಿ ಚರ್ಮಾ ಸುಲದು ಸಪಾಟ ಹರವಬೇಕ್ರಿ ಸರ್," ಅಂದಳು ಸಾಜಿಯಾ.

ಸುಲಿಯುವುದು ನಮಗೇನು ಹೊಸದೇ? ನೀರು ಬರುವ ಮುಂಚೆ ಬಾಗಿಲು, ಚೌಕಟ್ಟು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರಿದವರು ನಾವೇ. ಅಂಥ ಓಣಿಯದೊಂದು ಚಿತ್ರ ಉಳಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ! ನನಗೂ. ಇತಿಹಾಸದ ಮಾಸ್ತರನಿಗೆ...

ಸಿಕ್ಕಿದ್ದು ಒಂದೇ ಫೋಟೋ. ಪರಿಹಾರದ ಅರ್ಜಿಗೆಂದು ಹುಸೇನಬಿ ತೆಗೆಸಿದ್ದು. ಬಾಗಿಲ ಪಕ್ಕ ಸರ್ವೆಯವರು ಬಳಿದ ಕೆಂಪು ನಂಬರು, ಮೊಳದುದ್ದ: 813. ಕಡಿಯುವ ಮರಕ್ಕೆ ಹಾಕುವ ಗುರುತಿನಂತೆ. ಇದನ್ನು ಇಡುವುದಿಲ್ಲ.

ಫೆಬ್ರವರಿ 6

ಹದಿನೆಂಟು ದಿನ. ಪಕ್ಕದ ಸುಣ್ಣದ ತುಣುಕು ಎತ್ತಿ ಎತ್ತಿ ನಂಬರಿನ ಮೇಲೆ ಮುಚ್ಚಿದೆ. ಇವತ್ತು 3 ಕೂಡ ಹೋಯಿತು. ಅವರು ಬರೆದದ್ದನ್ನು ನಾನು ಅಳಿಸಿದೆ.

ಫೆಬ್ರವರಿ 11

ಲ್ಯಾಪ್‌ಟಾಪ್ ಹೊತ್ತು ಸಾಜಿಯಾಳ ಮನೆಗೆ ಹೋದೆ. ಹುಸೇನಬಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಭಾಳ ಚಂದ ಐತೋ ಸತ್ಯಾ. ಯಾರ ಮನಿ?"

"ನಿಮ್ಮದ, ಚಾಚಿ! ಕಟ್ಟಿ ನೋಡ್ರಿ, ಬಾಗಲಾ ನೋಡ್ರಿ."

"ಸುಳ್ಳ ಹೇಳಬ್ಯಾಡ. ನಮ್ಮನಿಗೆ ನಂಬರ ಇತ್ತಲ್ಲ. ಎಂಟನೂರಾ ಹದಿಮೂರು. ಎಲ್ಲೈತಿ?"

"ಅದು ಸರ್ವೆದವರು ಬಳದದ್ದು. ಅಳಿಸೇನಿ."

"ಅಳಿಸಿದ್ಯಾ? ಹನ್ನೆರಡ ವರ್ಷ ಆಫೀಸ ಅಲದೇನಿ. ನನ್ನ ಹೆಸರ ಯಾರ ಕೇಳ್ಯಾರ? ನಂಬರ ಹೇಳಬೇ ಅಂದ್ರು. ನಂಬರ ಇಲ್ಲಂದ್ರ ನಮ್ಮನಿ ಹೆಂಗಾಕ್ಕೈತಿ?"

ಲ್ಯಾಪ್‌ಟಾಪ್ ಮುಚ್ಚಿ ಸಿಟ್ಟಿನಲ್ಲಿ ಎದ್ದು ಬಂದೆ.

ಫೆಬ್ರವರಿ 13

ಹಾಕುವುದಿಲ್ಲ. ಆ ಕೆಂಪನ್ನು ನನ್ನ ಕೈಯಿಂದ ಹಾಕುವುದಿಲ್ಲ.

ಮಾರ್ಚ್ 2

ಹಾಕಿದೆ. ಮೂಲ ಫೋಟೋದ ಪದರ ತೆರೆದರಾಯಿತು. ಹದಿನೆಂಟು ದಿನದ ಕೆಲಸಕ್ಕೆ ಒಂದು ಕ್ಲಿಕ್.

ಹೋದಾಗ ಹುಸೇನಬಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಉಳಿದ ಕಣ್ಣೂ ಹೋಗಿ ನಾಲ್ಕು ದಿನ. ನಾನು ಕ್ಲಾಸಿಗೆ ಹೋಗಿರಲಿಲ್ಲ; ನನ್ನ ಸಿಟ್ಟು ಆರಲಿ ಎಂದು ಸಾಜಿಯಾ ಫೋನೂ ಮಾಡಿರಲಿಲ್ಲ.

"ತಂದಿ ಏನೋ? ಎಲ್ಲೈತಿ, ನನ್ನ ಬಳ್ಳ ಹಿಡದು ಹಚ್ಚು."

ಆಕೆಯ ಬೆರಳು ಹಿಡಿದು ಪರದೆಯ ಮೇಲೆ ಬರೆಸಿದೆ. ಎಂಟು. ಒಂದು. ಮೂರು. ಆಕೆ ಕೈ ಬಿಡಿಸಿಕೊಂಡು ಸುತ್ತಲೂ ಸವರಿದಳು.

"ನಂಬರ ಖರೆ ಐತಿ. ಗ್ವಾಡಿ ಇಷ್ಟು ನುಣ್ಣಗ ಇರಲಿಲ್ಲೋ ಸತ್ಯಾ. ಇದು ನಮ್ಮದಲ್ಲ ಬಿಡು."

ಆಮೇಲೆ ಚಹಾ ಕುಡಿದು ಹೋಗು ಅಂದಳು. ಕುಡಿದೆ.

ಮಾರ್ಚ್ 3

ನಾಳೆ ಸಬ್ಮಿಷನ್. ನಮ್ಮ ಮನೆ ಇನ್ನೂ ಬೂದು ಡಬ್ಬಿ. ಫೋಟೋ ಇಲ್ಲ, ನೆನಪೇ ಗತಿ. ನಂಬರು 814. ಯೋಚಿಸಬೇಕಾಗಲೇ ಇಲ್ಲ, ಬರೆದುಬಿಟ್ಟೆ. ಬಾಗಿಲಿಗೆ ಅಪ್ಪ ಬಳಿಸಿದ್ದ ಬಣ್ಣ ಹಸಿರೋ, ನೀಲಿಯೋ —