ಕುಡಿಯಬಹುದು, ಕುಡಿಯಬಾರದು

ಮಾನ್ಯ ಶಿಕ್ಷಣಾಧಿಕಾರಿಗಳೇ,

ತಾವು ‘ಭೇಷ್’ ಎಂದು ಬೆನ್ನು ತಟ್ಟಿದ ಆರನೇ ತರಗತಿಯ ಹುಡುಗಿ ಓದಿ ಹೇಳಿದ್ದನ್ನು ನಂಬಿ ನಮ್ಮ ಅತ್ತೆ ದೇವೀರಮ್ಮ ವಿಷದ ನೀರು ಕುಡಿದರು. ಆ ಹುಡುಗಿ ನನ್ನ ಮಗಳು ಸುಚಿತ್ರಾ. ಅತ್ತೆ ಬದುಕಿದ್ದಾರೆ.

ಹಾನುಬಾಳಿನಾಚೆಯ ಎಸ್ಟೇಟಿನಲ್ಲಿ ಕಾಫಿ ಗಿಡಗಳಿಗೆ ಔಷಧಿ ಹೊಡೆಯುತ್ತಿದ್ದರು. ಔಷಧಿ ಬೆರೆಸಿದ್ದ ತೊಟ್ಟಿಯ ಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವೀರಯ್ಯನವರು ಸೀಮೆಸುಣ್ಣದಲ್ಲಿ ದಪ್ಪಗೆ ಎಚ್ಚರಿಕೆ ಬರೆದಿದ್ದರು. ಮೊಮ್ಮಗಳ ಜೊತೆ ಸೌದೆಗೆ ಹೋಗಿದ್ದ ಅತ್ತೆಗೆ ಬಾಯಾರಿತು. ಅಕ್ಷರ ಬಾರದವರು, ಆದರೆ ವಿಚಾರಿಸದೆ ಕುಡಿಯುವವರಲ್ಲ. “ಏನ್ ಬರ್ದವ್ರೆ ನೋಡವ್ವ” ಅಂದರು. ಮಗಳು ಶಾಲೆಯ ರಾಗದಲ್ಲೇ ಓದಿದಳು: “ಈ ತೊಟ್ಟಿಯ ನೀರನ್ನು ಕುಡಿಯಬಹುದು.” ಅಲ್ಲಿ ಇದ್ದದ್ದು ‘ಕುಡಿಯಬಾರದು’. ಎರಡು ಗುಟುಕು ಒಳಗೆ ಹೋಗುವಷ್ಟರಲ್ಲಿ ವೀರಯ್ಯನವರು ಕೂಗುತ್ತಾ ಓಡಿ ಬಂದರು. ಸಕಲೇಶಪುರದ ಆಸ್ಪತ್ರೆಯವರೆಗೂ ಜೀಪಿನಲ್ಲಿ ಅತ್ತೆ ವಾಂತಿ ಮಾಡುತ್ತಲೇ ಇದ್ದರು. ದೇವರೇ, ಆ ದಾರಿ ನನ್ನ ಶತ್ರುವಿಗೂ ಬೇಡ.

ಆಮೇಲೆ ಮಗಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಹೇಳಿದ್ದು ಇಷ್ಟು: “‘ಕುಡಿಯಬ’ ಅಂತ ಐತಲ್ಲವ್ವ. ಶಾಲೇಲಿ ಅಷ್ಟ್ ಓದಿದ್ರೆ ಸಾಕು, ಮಿಕ್ಕಿದ್ದು ಎಲ್ರೂ ಸೇರಿ ಹೇಳ್ಬುಡ್ತಾರೆ.”

ಸ್ವಾಮಿ, ತಪಾಸಣೆಯ ದಿನ ತಾವು ಕೇಳಿ ತಲೆದೂಗಿದ್ದು ಇದನ್ನೇ. ಒಬ್ಬಳು ಶುರು ಮಾಡುತ್ತಾಳೆ, ಇಡೀ ತರಗತಿ ಒಕ್ಕೊರಲಿನಿಂದ ಮುಗಿಸುತ್ತದೆ. ಒಂದು ಮಗುವನ್ನಾದರೂ ಬೇರೆ ನಿಲ್ಲಿಸಿ, ಪಾಠವಲ್ಲದ ಒಂದು ಪುಟ ಕೊಟ್ಟು ಓದಿಸಿದಿರಾ? ತೊಟ್ಟಿಯ ಮುಂದೆ ಮಿಕ್ಕಿದ್ದನ್ನು ಹೇಳಿಕೊಡಲು ತರಗತಿ ಇರಲಿಲ್ಲ.

ಬರವಣಿಗೆಯ ಪ್ರಗತಿಯಂತೂ ಇನ್ನೂ ಅಮೋಘ. ‘ನನ್ನ ಊರು’ ಪ್ರಬಂಧವನ್ನು ಮಕ್ಕಳೆಲ್ಲ ಗೈಡಿನಿಂದ ನಕಲು ಮಾಡಿದ್ದಾರೆ: “ನಮ್ಮ ಊರಿನ ಪಕ್ಕದಲ್ಲಿ ಸಮುದ್ರವಿದೆ.” ಕೆಂಪು ಮಸಿಯಲ್ಲಿ ‘ಉತ್ತಮ’ ಎಂದೂ ಬಿದ್ದಿದೆ. ಘಟ್ಟ ಹತ್ತಿಸಿ ಸಮುದ್ರ ತಂದ ಕೀರ್ತಿ ತಮ್ಮ ಇಲಾಖೆಗೇ ಸಲ್ಲಬೇಕು.

ಶಾಲೆಯಲ್ಲಿ ಕಥೆ ಪುಸ್ತಕಗಳಿಲ್ಲವೇ? ಇವೆ, ಕಬ್ಬಿಣದ ಬೀರುವಿನಲ್ಲಿ, ಬೀಗದೊಳಗೆ. ಮುಖ್ಯೋಪಾಧ್ಯಾಯ ಏಕಾಂತಯ್ಯನವರನ್ನು ಕೇಳಿದೆ. “ಹುಡುಗ್ರು ಹರಿದಾಕಿದ್ರೆ ನನ್ನ ಸಂಬಳದಲ್ಲಿ ಹಿಡ್ಕೋತಾರೆ ಕಣಮ್ಮ. ನಂಗೂ ಹೆದರಿಕೆ ಇರಲ್ವಾ?” ಅಂದರು. ಮೇಷ್ಟ್ರಿಗೆ ತಮ್ಮ ಇಲಾಖೆಯ ಭಯ, ಮಕ್ಕಳಿಗೆ ಮೇಷ್ಟ್ರ ಭಯ. ತಮಗೆ ಯಾವ ಭಯವೂ ಇಲ್ಲವೇ?

ನನಗಿದೆ. ಅತ್ತೆ ಮೊಮ್ಮಗಳ ಮೇಲೆ ಒಂದು ಮಾತೂ ಆಡಿಲ್ಲ. “ನಮ್ ಕೂಸು ಸರಿಯಾಗೇ ಓದ್ತು, ಆ ವೀರಯ್ಯನೇ ತಪ್ಪು ಬರ್ದವ್ನೆ” ಅನ್ನುತ್ತಾರೆ. ಅದೇ ನಂಬಿಕೆ, ಇನ್ನೂ ಹಾಗೇ! ನಿನ್ನೆ ಆಸ್ಪತ್ರೆಯ ಮಾತ್ರೆ ಪೊಟ್ಟಣವನ್ನು ಅವಳ ಕೈಗೇ ಕೊಟ್ಟು, “ಎಷ್ಟೊತ್ತಿಗೆ ತಗೋಬೇಕು, ಓದವ್ವ” ಅಂದರು. ಮಗಳು ಬಾಯಿ ತೆರೆದಳು. ನಾನು ಒಲೆ ಮುಂದಿನಿಂದ ಎದ್ದು ಓಡಿ ಪೊಟ್ಟಣ ಕಿತ್ತುಕೊಂಡೆ. ಅವಳು ನನ್ನ ಮುಖ ನೋಡಿದ ರೀತಿ ಕಣ್ಣಿಂದ ಹೋಗುತ್ತಿಲ್ಲ.

ನನ್ನ ಮಗಳಿಗೆ ದಿನಾ ಸಂಜೆ ನಾನೇ ಓದಿಸುತ್ತೇನೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆ ಯಾರು ಓದಿಸಬೇಕು? ಯಾರ ಮೇಲೂ ವಿಚಾರಣೆ ಬೇಡ, ಮೇಷ್ಟ್ರ ವರ್ಗಾವಣೆಯೂ ಬೇಡ. ಪುಸ್ತಕ ಹರಿದರೆ ಯಾರನ್ನೂ ಕೇಳುವುದಿಲ್ಲವೆಂದು ಆದೇಶ ಹೊರಡಿಸಿ, ಬೀರುವಿನ ಬೀಗ ತೆಗೆಸಿ. ಮಕ್ಕಳು ತಮ್ಮ ಮಾತಿನಲ್ಲೇ ನಾಲ್ಕು ಸಾಲು ಬರೆಯಲಿ, ತಪ್ಪಿದ್ದರೂ ಸರಿ. ಮತ್ತೆ ತಪಾಸಣೆಗೆ ಬಂದಾಗ ಒಂದೊಂದೇ ಮಗುವನ್ನು ಹತ್ತಿರ ಕರೆದು ಓದಿಸಿ, ಪೂರ್ತಿ ಕೇಳಿ. ಏಳನೇ ತರಗತಿಗೆ ಕಳಿಸುವ ಮೊದಲು ಇಷ್ಟು ಮಾಡಿ.

ಇಂತಿ,
ಮಗಳು ಓದಲು ಬಾಯಿ ತೆರೆದರೆ ಎದೆ ಹಿಡಿದುಕೊಳ್ಳುವ ತಾಯಿ
ಜಗದಾಂಬ
ಹಾನುಬಾಳು ಹೋಬಳಿ, ೨೦೦೩