ಕೊಟ್ರಮ್ಮನವರು ಒರಗಿದ ಗೋಡೆ

ದಾವಣಗೆರೆ
ಜೂನ್ 31, 2191

ಹಿಂದಿನವರಾದ ನಿಮಗೆ ಮುಂದಿನವನ ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಇಂದು ಬೆಳಿಗ್ಗೆ ನಮ್ಮೂರಿನ ಹಳೆಮನೆ ಸಂಗ್ರಹಾಲಯದಲ್ಲಿ ನಾನು ನಿಮ್ಮ ಕಾಲದ ಗೋಡೆಯ ತುಣುಕೊಂದನ್ನು ಕದ್ದಿದ್ದೇನೆ. ಕದಿಯುವ ಉದ್ದೇಶವಿರಲಿಲ್ಲ. ಮುಟ್ಟಿದೆ, ತಾನಾಗಿಯೇ ಕೈಗೆ ಬಂತು. ಕಾವಲುಗಾರ ನೋಡಿಯಾನೆಂದು ಜೇಬಿಗಿಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಮನಸ್ಸು ಚುಚ್ಚಿತು. ಮರಳಿಸೋಣವೆಂದು ಜೇಬಿಗೆ ಕೈಹಾಕಿದರೆ, ಅದಾಗಲೇ ಮರಳಾಗಿತ್ತು.

ತಾರೀಖು ನೋಡಿ ಗಾಬರಿಯಾಗಬೇಡಿ. ಮನೆಗಳ ಜೊತೆಗೆ ಕ್ಯಾಲೆಂಡರನ್ನೂ ನಾವು ರಿಪೇರಿ ಮಾಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕನ್ನಡ ನನಗೆ ಕಾಲೇಜಿನಲ್ಲಿ ಐಚ್ಛಿಕ ವಿಷಯವಾಗಿತ್ತು. ಪಾಸಾಗುವುದು ಮಾತ್ರ ಕಡ್ಡಾಯ, ಅಪ್ಪನ ಕಡೆಯಿಂದ.

ಉದ್ಯೋಗದಲ್ಲಿ ನಾನು ಗೋಡೆಗಿವಿ. ಅಂದರೆ ಹೊಸ ಮನೆಯ ಗೋಡೆಗಳನ್ನು ಬೆರಳಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಗಟ್ಟಿಯೋ ಟೊಳ್ಳೋ ಎಂದು ನಿರ್ಣಯಿಸಿ ಮೊಹರು ಒತ್ತುವವನು. ಈ ಜಿಲ್ಲೆಯಲ್ಲಿ ಕಣ್ಣು ಮುಚ್ಚಿಕೊಂಡು ಬಡಿಯುವ ಗೋಡೆಗಿವಿ ನಾನೊಬ್ಬನೇ. ಕಣ್ಣು ಬಣ್ಣಕ್ಕೆ ಮರುಳಾಗುತ್ತದೆ, ಕಿವಿ ಆಗುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಅದರ ಮೇಲೆ ಉಪನ್ಯಾಸಗಳನ್ನೂ ಕೊಟ್ಟಿದ್ದೇನೆ. ಕೇಳಿದವರು ಸಹ ಕಣ್ಣು ಮುಚ್ಚಿಕೊಂಡೇ ಕೇಳಿದರು.

ನಿಮ್ಮ ಮನೆಗಳ ಮೇಲೆ ‘ಗುರುಕೃಪ’, ‘ಮಾತೃಕೃಪ’ ಎಂದು ಬರೆದಿರುತ್ತಿತ್ತಂತೆ. ಸಂಗ್ರಹಾಲಯದ ಗೋಡೆ ಮುಟ್ಟಿದ ಮೇಲೆ ಅರ್ಥವಾಯಿತು, ಅವು ನಿಂತಿದ್ದೂ ಕೃಪೆಯಿಂದಲೇ. ನಮ್ಮಲ್ಲಿ ಬಾಗಿಲ ಮೇಲೆ ಕಟ್ಟಿದವರ ಹೆಸರಿರುತ್ತದೆ, ಬೈಯುವವರಿಗೆ ಅನುಕೂಲವಾಗಲೆಂದು. ಮದುವೆಗೆ ಜಾತಕ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು; ಈಗ ಇಟ್ಟಿಗೆಗೆ ಕೇಳುತ್ತೇವೆ. ಯಾವ ಮಣ್ಣು, ಯಾವ ಭಟ್ಟಿಯಲ್ಲಿ ಬೆಂದದ್ದು, ನೆನೆಸಿದಾಗ ಎಷ್ಟು ಕುಡಿಯಿತು, ಎಲ್ಲವನ್ನೂ ಮಾರುವವನು ಹೇಳಬೇಕು. ವಿಪರೀತ ಕುಡಿಯುವ ಇಟ್ಟಿಗೆಯನ್ನೂ ಅಳಿಯನನ್ನೂ ಯಾರೂ ಒಪ್ಪುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಮಳೆವಾಸ. ಮನೆ ಕಟ್ಟಿದವನು ತನ್ನ ಸಂಸಾರ ಸಮೇತ, ಮೃಗಶಿರ ಮಳೆಯಿಂದ ಹಸ್ತ ಮಳೆಯ ತನಕ, ಆ ಮನೆಯಲ್ಲೇ ವಾಸಿಸಬೇಕು. ಮಳೆ ಮುಗಿದ ಮೇಲೆ ಅವನ ಮನೆಯ ಹಿರಿಯ ಹೆಂಗಸು “ಇನ್ನೊಂದು ಮಳೆಗಾಲ ಇಲ್ಲೇ ಇರ್ತೀನಿ” ಎಂದು ನಾಲ್ಕು ಜನರೆದುರು ಹೇಳಿ, ಕಟ್ಟಿಸಿದವರ ಕೈಗೆ ಬೀಗದ ಕೈ ಕೊಡಬೇಕು. ಆ ಮಾತು ಬಾರದಿದ್ದರೆ ಕಟ್ಟಿದವನು ಅಲ್ಲೇ ಉಳಿಯುತ್ತಾನೆ. ದೋಷ ಸರಿಯಾಗುವ ತನಕ ಕಟ್ಟಿಸಿದವರು ಅವನ ಸ್ವಂತ ಮನೆಯಲ್ಲಿರುತ್ತಾರೆ.

ಹೋದ ವರ್ಷ ರುದ್ರೇಶನೆಂಬ ಮೇಸ್ತ್ರಿ ಹಾಲಮ್ಮನವರಿಗೆ ಮನೆ ಕಟ್ಟಿದ. ಹಾಲಮ್ಮ ಬದುಕಿಡೀ ಹಾಸ್ಟೆಲುಗಳಲ್ಲಿ ಅಡುಗೆ ಮಾಡಿ, ಅಲ್ಲಿಯ ಉಗ್ರಾಣದ ಪಕ್ಕದ ಕೋಣೆಗಳಲ್ಲೇ ಮಲಗಿದವರು. ತಮ್ಮದೇ ಒಂದು ಒಲೆ, ತಮ್ಮದೇ ಒಂದು ಗೋಡೆ ಬೇಕೆಂಬುದು ಅವರ ಆಸೆ. ಇನ್ನೊಂದು ಮನೆ ಕಟ್ಟಿಸುವ ವಯಸ್ಸು ಉಳಿದಿರಲಿಲ್ಲ. ರುದ್ರೇಶ ನಡುಮನೆಯ ಒಂದು ಗೋಡೆಗೆ ಜಾತಕವಿಲ್ಲದ ಇಟ್ಟಿಗೆ ಇಟ್ಟ. ಪುಷ್ಯ ಮಳೆಗೆ ಅದು ಬುಡದಿಂದ ಒದ್ದೆಯಾಯಿತು. ಅವನು ಅತ್ತೆಯ ಕಬ್ಬಿಣದ ಬೀರುವನ್ನು ಅದಕ್ಕೆ ಅಡ್ಡ ನಿಲ್ಲಿಸಿದ. ಮರುವಾರ ಗೋಡೆಗಿವಿ ಬಂದು ಬಡಿದು, ಮೊಹರೊತ್ತಿ ಹೋದದ್ದೂ ಆಯಿತು. ಆ ಮಹಾಶಯರ ಹೆಸರು ಸದ್ಯಕ್ಕೆ ಬೇಡ.

ಬೀಗದ ಕೈ ಕೊಡುವ ದಿನ ನಾನೂ ಊಟಕ್ಕೆ ಹೋಗಿದ್ದೆ. ರುದ್ರೇಶನ ಅತ್ತೆ, ಅವನ ಮನೆಯ ಹಿರಿಯ ಹೆಂಗಸಾದ ಕೊಟ್ರಮ್ಮನವರು, ಬಂದವರಿಗೆ ಜಾಗವಾಗಲೆಂದು, ಅಳಿಯ ಹೋಳಿಗೆ ತರಲು ಹೋಗಿದ್ದಾಗ ಬೀರುವನ್ನು ಆಚೆ ಸರಿಸಿ, ಆ ಗೋಡೆಗೇ ಒರಗಿ ಕೂತರು. ಅವನು ಬರುವಷ್ಟರಲ್ಲಿ ಸೀರೆಯ ಬೆನ್ನು ಪೂರ್ತಿ ಒದ್ದೆ.

“ಏನಪ್ಪಾ ರುದ್ರೇಶ, ನಾ ಒರಗಿದ್ದು ಗೋಡಿಗೋ, ಒಣಗಾಕಿದ ಕಂಬಳಿಗೋ?”

“ಹೊಸ ಮನಿ ಅತ್ತಿ, ಸ್ವಲ್ಪ ಬೆವರ್ತೈತಿ.”

ಹಾಲಮ್ಮ ತಟ್ಟೆ ಕೆಳಗಿಟ್ಟರು. “ಮನಿ ಯಾಕಪ್ಪ ಬೆವರ್ತೈತಿ? ಕಟ್ಟಾಗ ನೀ ಬೆವರಿದ್ರೆ ಸಾಕಿತ್ತು.”

“ಮೊಹರು ಬಿದ್ದೈತಿ ಅತ್ತಿ, ಸುಮ್ನೆ ಕೀಲಿ ಕೊಡ್ರಿ,” ಎಂದು ರುದ್ರೇಶ ಪಿಸುಗುಟ್ಟಿದ.

“ಮೊಹರು ಯಾವುದಕ್ಕೆ ಬಿದ್ದೈತೋ ನಾ ಕಾಣೆ. ನೀರಂತೂ ನನ್ ಬೆನ್ನಿಗೆ ಬಿದ್ದೈತಿ. ಹಾಲಮ್ಮಾರೇ, ನೀವು ನಮ್ಮನಿಗೆ ನಡೀರಿ. ಒಲಿ ಚಲೋ ಉರಿತೈತಿ.”

ಹಾಲಮ್ಮ ಆ ಸಂಜೆಯೇ ಮೇಸ್ತ್ರಿಯ ಮನೆಗೆ ಹೋದರು. ಕೊಟ್ರಮ್ಮ ಹಸಿಗೋಡೆಯ ಎದುರು ಹಾಸಿಗೆ ಹಾಕಿ ಕೆಮ್ಮತೊಡಗಿದರು, ಬಹುಶಃ ಅಗತ್ಯಕ್ಕಿಂತ ತುಸು ಜೋರಾಗಿಯೇ. ದೀಪಾವಳಿಯೊಳಗೆ ಹಳೆ ಗೋಡೆ ಬಿದ್ದು ಹೊಸದು ಎದ್ದಿತ್ತು. ಹಾಲಮ್ಮನ ಒಲೆಯ ಮೊದಲ ಹೋಳಿಗೆ ತಿಂದವರು ಕೊಟ್ರಮ್ಮ, ಆ ಹೊಸ ಗೋಡೆಗೆ ಒರಗಿಕೊಂಡು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮನೆ ಕೊಳ್ಳುವಾಗ ಹೊಳೆಯುವ ಬಣ್ಣವನ್ನೂ ತಜ್ಞರ ಗಾಂಭೀರ್ಯವನ್ನೂ ನಂಬಿ ಕೂರಬೇಡಿ. ಕಟ್ಟಿದವನನ್ನು ಒಂದು ಮಳೆಗಾಲ ಒಳಗೆ ಮಲಗಿಸಿ. ಅಂಥ ಕಾನೂನಿಲ್ಲವೆಂದರೆ ಕೇಳಿ ಪಡೆಯಿರಿ. ನಿಮ್ಮಲ್ಲಿ ಯಾರೋ ಕೇಳಿದ್ದರಿಂದಲೇ ನಮಗದು ಸಿಕ್ಕಿದೆ.

ಇನ್ನು ಆ ಗೋಡೆಗಿವಿಯ ವಿಷಯ. ಕಣ್ಣು ಮುಚ್ಚಿ ಬಡಿದು, “ಆಹಾ, ಗಂಟೆಯ ನಾದ! ಇಂಥ ಗೋಡೆ ಜಿಲ್ಲೆಯಲ್ಲೇ ಇಲ್ಲ” ಎಂದು ತಲೆದೂಗಿ, ಕಣ್ಣು ತೆರೆಯುವ ಮೊದಲೇ ಮೊಹರೊತ್ತಿದವನು ನಾನೇ. ಮೊಹರು ಈಗಲೂ ಅಚ್ಚಳಿಯದೆ ಇದೆ, ಕೊಟ್ರಮ್ಮನವರ ಬೀರುವಿನ ಬಾಗಿಲ ಮೇಲೆ.